ಮಡಿದವರ ಹೆಸರಿನ ಹಣ

ತಪ್ಪು ಮಾಡಿದವನಿಂದ ದಂಡ ವಸೂಲು ಮಾಡುವುದು ಒಂದು ಕೆಲಸ. ಆ ದಂಡದ ಹಣ ನೊಂದವರ ಮನೆಬಾಗಿಲನ್ನು ತಲುಪುವಂತೆ ನೋಡಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ನ್ಯಾಯಾಲಯ ಮಾಡಬಲ್ಲುದು. ಎರಡನೆಯದನ್ನು ಮಾಡುವವರು ಯಾರು? ರಾಜ್ಯಶಾಸ್ತ್ರದ ವಿದ್ಯಾರ್ಥಿಯಾದ ನನ್ನನ್ನು ಬಹುವಾಗಿ ಕಾಡಿರುವ ಪ್ರಶ್ನೆಯಿದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈಗ ನಡೆಯುತ್ತಿರುವ ಪ್ರಯೋಗವೊಂದು ಇದರ ಮೇಲೆ ಬೆಳಕು ಚೆಲ್ಲುತ್ತದೆ.

ಅಫೀಮಿನ ಗುಣವುಳ್ಳ ನೋವುನಿವಾರಕಗಳಿಗೆ ಓಪಿಯಾಯ್ಡ್ ಎಂದು ಹೆಸರು. 1996ರಲ್ಲಿ ಪರ್ಡ್ಯೂ ಫಾರ್ಮಾ ಕಂಪನಿಯು ಆಕ್ಸಿಕಾಂಟಿನ್ ಎಂಬ ಮಾತ್ರೆಯನ್ನು ಮಾರುಕಟ್ಟೆಗೆ ತಂದು, ಚಟ ಹತ್ತುವ ಭಯ ಕಡಮೆಯೆಂದು ವೈದ್ಯರನ್ನು ನಂಬಿಸಿತು. ಆ ಪ್ರಚಾರ ತಪ್ಪೆಂದು ಅದರ ಸಹಸಂಸ್ಥೆ 2007ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡಿತು. ಅಷ್ಟರೊಳಗೆ ಬೆನ್ನುನೋವಿಗೆಂದು ಮಾತ್ರೆ ನುಂಗಿದ ಎಷ್ಟೋ ಮಂದಿ ಅದರ ದಾಸರಾಗಿದ್ದರು. ಮಾತ್ರೆ ಸಿಗದಾದಾಗ ಹಲವರು ಹೆರಾಯಿನ್ ಹಿಡಿದರು. ಅನಂತರ ಬಂದ ಫೆಂಟನಿಲ್ ಇನ್ನೂ ಘೋರವಾಯಿತು. 1999ರಿಂದ 2021ರವರೆಗೆ ಓಪಿಯಾಯ್ಡ್‌ಗಳ ಅತಿಸೇವನೆಯಿಂದ ಮಡಿದವರು ಸುಮಾರು 6,45,000 ಮಂದಿ.

ರಾಜ್ಯಗಳೂ ನಗರಗಳೂ ಮೊಕದ್ದಮೆ ಹೂಡಿದುವು. 2021ರಲ್ಲಿ ಮೂರು ದೊಡ್ಡ ಔಷಧ ವಿತರಣ ಕಂಪನಿಗಳೂ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯೂ 2,600 ಕೋಟಿ ಡಾಲರುಗಳವರೆಗೆ ಕೊಡಲು ರಾಜಿಯಾದುವು. ವಿತರಕರ ಕಂತುಗಳು 18 ವರ್ಷ ನಡೆಯತಕ್ಕವು. ಇತರ ಒಪ್ಪಂದಗಳನ್ನೂ ಕೂಡಿಸಿದರೆ ಮೊತ್ತ 5,000 ಕೋಟಿ ಡಾಲರನ್ನು ಮೀರುತ್ತದೆ.

ಇಲ್ಲಿ ಹಳೆಯ ಪಾಠವೊಂದಿತ್ತು. 1998ರಲ್ಲಿ ತಂಬಾಕು ಕಂಪನಿಗಳು 46 ರಾಜ್ಯಗಳಿಗೆ 25 ವರ್ಷಗಳಲ್ಲಿ ಸುಮಾರು 20,600 ಕೋಟಿ ಡಾಲರ್ ಕೊಡಲು ಒಪ್ಪಿದ್ದುವು. ಆ ಹಣವನ್ನು ಧೂಮಪಾನ ಬಿಡಿಸುವುದಕ್ಕೇ ಬಳಸಬೇಕೆಂಬ ಕಟ್ಟುಪಾಡು ಇರಲಿಲ್ಲ. ಬಹುಪಾಲು ಹಣ ಆಯವ್ಯಯದ ಕೊರತೆಯನ್ನು ತುಂಬುವುದಕ್ಕೂ ಬೇರೆ ವೆಚ್ಚಗಳಿಗೂ ಕರಗಿಹೋಯಿತು. ಆದುದರಿಂದ ಈ ಸಲದ ಒಪ್ಪಂದದಲ್ಲಿ ಕನಿಷ್ಠ ಶೇಕಡ 85 ಭಾಗ ಈ ಪಿಡುಗಿನ ಪರಿಹಾರಕ್ಕೇ ಸಲ್ಲಬೇಕೆಂದು ಬರೆಯಲಾಯಿತು. ಅತಿಸೇವನೆಯಿಂದ ಉಸಿರು ನಿಲ್ಲುತ್ತಿರುವವರನ್ನು ಉಳಿಸುವ ನಲೊಕ್ಸೋನ್, ಚಟ ಬಿಡಿಸುವ ಚಿಕಿತ್ಸೆ, ಗರ್ಭಿಣಿಯರ ಆರೈಕೆ ಮೊದಲಾದ ಬಾಬುಗಳ ಪಟ್ಟಿಯೂ ಅದರೊಡನೆ ಇದೆ.

ಪಟ್ಟಿ ಬಲು ಉದ್ದ; ಆಯ್ಕೆ ಕಷ್ಟ. ಅದಕ್ಕಾಗಿಯೇ ಸಲಹಾ ಸಮಿತಿಗಳು ಹುಟ್ಟಿದುವು. ನ್ಯೂಯಾರ್ಕಿನ ಸಮಿತಿಯಲ್ಲಿ 21 ಸದಸ್ಯರಿದ್ದಾರೆ. ಮ್ಯಾಸಚೂಸೆಟ್ಸ್‌ನಲ್ಲಿ ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳಿಗೂ ರಾಜ್ಯದ ಕಡೆಯವರಿಗೂ ಸಮಪಾಲು. ಇವು ಸಲಹೆ ಮಾತ್ರ ಕೊಡುತ್ತವೆ. ಮೇಯ್ನ್ ರಾಜ್ಯದಲ್ಲಾದರೋ ಹಣದ ಅರ್ಧಭಾಗವನ್ನು ಹಂಚುವ ಅಧಿಕಾರವೇ 15 ಸದಸ್ಯರ ಮಂಡಲಿಗೆ ಸೇರಿದೆ. ಓಹಾಯೋದಲ್ಲಿ ಶೇಕಡ 55 ಭಾಗ ಒನ್‌ಓಹಾಯೋ ಎಂಬ ಪ್ರತಿಷ್ಠಾನದ ಕೈಸೇರಿತು. ತಾನು ಖಾಸಗಿ ಸಂಸ್ಥೆ, ತನ್ನ ಕಡತಗಳನ್ನು ತೋರಿಸಬೇಕಾಗಿಲ್ಲವೆಂದು ಅದು ವಾದಿಸಿತು. 2023ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು.

ಸಮಿತಿಯೆಂದೊಡನೆ ನಮ್ಮಲ್ಲಿ ಕೆಲವರಿಗೆ ನಗು ಬರುತ್ತದೆ. ಆ ನಗು ಅಕಾರಣವಲ್ಲ. ಸಲಹೆಯನ್ನು ಕೇಳಿ ಕಪಾಟಿನಲ್ಲಿಡುವುದು ಆಳುವವರಿಗೆ ಸುಲಭ. ಬೇಲಿಯೇ ಎದ್ದು ಹೊಲ ಮೇಯುವಂತೆ, ಅನುದಾನ ಪಡೆಯುವ ಸಂಸ್ಥೆಗಳವರೇ ಸದಸ್ಯರಾಗಿ ಕುಳಿತುಕೊಳ್ಳಲೂಬಹುದು. ಆದರೆ ಸಮಿತಿಯೇ ಬೇಡವೆಂದರೆ ತಂಬಾಕಿನ ಹಣದ ಕಥೆ ಮರುಕಳಿಸುತ್ತದೆ.

ನನಗೆ ತೋರುವಂತೆ ಇಂತಹ ಸಮಿತಿಗೆ ಮೂರು ಲಕ್ಷಣಗಳಿರಬೇಕು. ವೈದ್ಯರು, ಅಧಿಕಾರಿಗಳ ಜೊತೆಗೆ ಚಟದಿಂದ ಹೊರಬಂದವರಿಗೂ ಮಕ್ಕಳನ್ನು ಕಳೆದುಕೊಂಡವರಿಗೂ ಅಲ್ಲಿ ಸ್ಥಾನ ಬೇಕು. ಯಾವ ಊರಿನಲ್ಲಿ ಯಾವ ಬಾಗಿಲು ಮುಚ್ಚಿತ್ತೆಂಬುದನ್ನು ಅವರು ಬಲ್ಲರು. ಸಭೆ, ಲೆಕ್ಕ ಎರಡೂ ಬಹಿರಂಗವಾಗಿರಬೇಕು. ಸಲಹೆಯನ್ನು ತಿರಸ್ಕರಿಸಿದ ಸರ್ಕಾರ ಕಾರಣವನ್ನು ಬರೆದು ತಿಳಿಸಬೇಕು. ಈ ಹಣ ತೆರಿಗೆಯಿಂದ ಬಂದುದಲ್ಲ, ಸಾವಿನ ಲೆಕ್ಕದಿಂದ ಬಂದುದು. ಅದರ ಒಂದೊಂದು ಡಾಲರೂ ಬದುಕಿರುವ ಇನ್ನೊಬ್ಬನನ್ನು ಉಳಿಸುವುದಕ್ಕೆ ಸಲ್ಲಬೇಕಾದುದೇ ನ್ಯಾಯ.