ನಳ ಯಾವಾಗ ಬರ್ತದ?

ಹುಬ್ಬಳ್ಳಿ–ಧಾರವಾಡದ ಕಡೆ ‘ನೀರು ಬಂತು’ ಅನ್ನುವವರು ಕಡಿಮೆ, ‘ನಳ ಬಂತು’ ಅನ್ನುವವರೇ ಹೆಚ್ಚು. ಆ ಮಾತು ಕಿವಿಗೆ ಬಿದ್ದರೆ ಓಣಿಯ ಲೆಕ್ಕಾಚಾರವೇ ಬದಲಾಗುತ್ತದೆ. ಒಲೆಯ ಮೇಲಿನ ಪಲ್ಯ ಇಳಿಯುತ್ತದೆ, ಶಾಲೆಗೆ ಹೊರಟ ಹುಡುಗನ ಕೈಗೊಂದು ಕೊಡ ಬರುತ್ತದೆ, ಎದುರು ಮನೆಯವರಿಗೆ ‘ಅಕ್ಕಾರ, ನಳ ಬಂದದ ನೋಡ್ರಿ’ ಎಂದು ಕೂಗು ಹೋಗುತ್ತದೆ. ಈ ಅವಳಿ ನಗರದ ಬಹಳಷ್ಟು ಬಡಾವಣೆಗಳಿಗೆ ವರ್ಷಗಟ್ಟಲೆ ನೀರು ಸಿಕ್ಕಿದ್ದು ಹಲವು ದಿನಕ್ಕೊಮ್ಮೆ, ಅದೂ ಕೆಲವೇ ತಾಸು. ನೀರು ಕಡಿಮೆ ಅನ್ನುವುದು ಒಂದು ಕಷ್ಟ. ಯಾವಾಗ ಬರುತ್ತದೆಂದು ತಿಳಿಯದಿರುವುದು ಬೇರೆಯದೇ ಕಷ್ಟ, ಮತ್ತು ಅದರ ಬಗ್ಗೆ ನಾವು ಮಾತಾಡುವುದು ತೀರ ಕಡಿಮೆ. ಕಾಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಕೂಲಿ ಬಿಟ್ಟು ಮನೆಯಲ್ಲಿ ಕೂತ ದಿನ ಸಂಜೆಯವರೆಗೂ ನಳ ಒಣಗಿಯೇ ಇದ್ದರೆ ಆ ಕೂಲಿಯನ್ನು ಯಾರೂ ತುಂಬಿಕೊಡುವುದಿಲ್ಲ.

ನೀರು ಬರುವ ದಾರಿಯನ್ನೊಮ್ಮೆ ನೋಡೋಣ. ಸವದತ್ತಿ ಬಳಿಯ ಮಲಪ್ರಭಾ ಜಲಾಶಯದಿಂದ ಎತ್ತಿದ ನೀರು ಅಮ್ಮಿನಬಾವಿಯ ಘಟಕದಲ್ಲಿ ಶುದ್ಧವಾಗಿ ಊರಿನ ದೊಡ್ಡ ಟಾಕಿಗಳಿಗೆ ಸೇರುತ್ತದೆ. ಕಲಘಟಗಿ ಕಡೆಯ ನೀರಸಾಗರ ಕೆರೆಯೂ ಹುಬ್ಬಳ್ಳಿಗೆ ನೀರು ಕೊಟ್ಟಿದೆ. ಎಲ್ಲ ಓಣಿಗಳಿಗೆ ಒಟ್ಟಿಗೇ ಬಿಟ್ಟರೆ ಎತ್ತರದ ಮನೆಗಳಿಗೆ ನೀರು ಏರದು. ಅದಕ್ಕೇ ಊರನ್ನು ತುಂಡು ತುಂಡಾಗಿ ಭಾಗ ಮಾಡಿ, ಸರದಿಯ ಮೇಲೆ ವಾಲ್ವ್ ತಿರುಗಿಸುತ್ತಾರೆ. ಆ ಕೆಲಸದವನೇ ವಾಲ್ವ್‌ಮನ್, ಜನರ ಬಾಯಲ್ಲಿ ‘ನೀರು ಬಿಡಾಂವ’. ರಸ್ತೆಯ ಮುಚ್ಚಳ ತೆಗೆದು, ಉದ್ದನೆಯ ಕಬ್ಬಿಣದ ಚಾವಿ ಇಳಿಸಿ ತಿರುಗಿಸುತ್ತಾನೆ. ಯಾವ ವಾಲ್ವಿಗೆ ಎಷ್ಟು ಸುತ್ತು, ಯಾವ ತಿರುವಿನ ಮನೆಗೆ ನೀರು ತಡವಾಗಿ ಮುಟ್ಟುತ್ತದೆ, ಎಲ್ಲಿ ಹಳೆಯ ಪೈಪು ಒತ್ತಡ ತಾಳದು, ಇದರಲ್ಲಿ ಎಷ್ಟೋ ಸಂಗತಿ ಅವನ ತಲೆಯಲ್ಲಿ ಮಾತ್ರ ಇರುತ್ತದೆ. ಪಂಪು ನಡೆಯುವಲ್ಲಿ ಕರೆಂಟು ಹೋದರೆ, ದಾರಿಯಲ್ಲಿ ಪೈಪು ಒಡೆದರೆ ಸರದಿ ತಪ್ಪುತ್ತದೆ. ಹಾಗೆ ತಪ್ಪಿದ್ದು ಕಚೇರಿಗೆ ಗೊತ್ತು, ವಾಲ್ವ್‌ಮನ್‌ಗೂ ಗೊತ್ತು. ಕೊಡ ಹಿಡಿದು ನಿಂತವಳಿಗೆ ಮಾತ್ರ ಗೊತ್ತಿಲ್ಲ.

ಈ ಕಂದಕ ಮುಚ್ಚಲು ಹುಬ್ಬಳ್ಳಿಯಲ್ಲೇ ಒಂದು ಪ್ರಯೋಗ ನಡೆಯಿತು. 2011ರ ಸುಮಾರಿಗೆ ‘ನೆಕ್ಸ್ಟ್‌ಡ್ರಾಪ್’ ಎಂಬ ಸಂಸ್ಥೆ ಸರಳವಾದ ಏರ್ಪಾಟು ಮಾಡಿತು. ನೀರು ಬಿಡುವವನು ಒಂದು ನಂಬರಿಗೆ ಫೋನು ಮಾಡಿ ತಿಳಿಸಿದರೆ ಆ ಭಾಗದ ಮನೆಗಳ ಮೊಬೈಲಿಗೆ ಸಂದೇಶ ಹೋಗುತ್ತಿತ್ತು. ಹಿಂದೆ ಊರಲ್ಲಿ ಡಂಗುರ ಸಾರುತ್ತಿದ್ದರಲ್ಲ, ಆ ಕೆಲಸವನ್ನೇ ಮೊಬೈಲು ಮಾಡತೊಡಗಿತು. ಸ್ಮಾರ್ಟ್‌ಫೋನು ಬೇಕಿರಲಿಲ್ಲ, ಸಾದಾ ಸೆಟ್ಟು ಸಾಕಿತ್ತು.

ಮುಂದೆ ಅದೇ ಸೇವೆ ಬೆಂಗಳೂರಿಗೆ ಬಂತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿ ಅದರ ಫಲವನ್ನು ಅಳೆದು ನೋಡಿದರು. ಜನ ಕಾಯುವ ಹೊತ್ತು ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಕಾರಣಗಳನ್ನು ಓದುವಾಗ ನನಗೆ ಇಡೀ ವಿಷಯವೇ ಹೊಸದಾಗಿ ಕಂಡಿತು. ವಾಲ್ವ್‌ಮನ್‌ಗಳು ಎಷ್ಟೋ ಸಲ ಸುದ್ದಿಯನ್ನೇ ಕಳಿಸಿರಲಿಲ್ಲ. ಬಿಸಿಲಲ್ಲಿ ಓಣಿಯಿಂದ ಓಣಿಗೆ ಓಡುವವನಿಗೆ ಅದು ಸಂಬಳವಿಲ್ಲದ ಇನ್ನೊಂದು ಕೆಲಸವಾಗಿತ್ತು. ಕಳಿಸಿದ ಸುದ್ದಿಯಾದರೂ ಬೇಕಾದವರನ್ನೇ ಮುಟ್ಟಿತೆ ಅಂದರೆ ಅದೂ ಇಲ್ಲ. ನೋಂದಾಯಿಸಿದ ಫೋನು ದುಡಿಯಲು ಹೋದವರ ಜೇಬಿನಲ್ಲಿರುತ್ತಿತ್ತು, ನಳದ ಮುಂದೆ ಕಾಯುವವರು ಮನೆಯಲ್ಲಿರುತ್ತಿದ್ದರು. ಹಾಗೆಂದು ಆ ಪ್ರಯೋಗ ವ್ಯರ್ಥವಾಯಿತೆಂದು ನಾನು ಹೇಳಲಾರೆ. ಚಾವಿ ತಿರುಗಿಸುವವನ ದುಡಿಮೆಯನ್ನೂ ಕೊಡ ತುಂಬುವವಳ ದಿನಚರಿಯನ್ನೂ ಅರಿಯದೆ ಮಾಡಿದ ಯಾವ ಆ್ಯಪ್ ಆದರೂ ಇಲ್ಲೇ ಎಡವುತ್ತದೆ ಎಂಬುದನ್ನು ಅದು ತೋರಿಸಿಕೊಟ್ಟಿತು.

ಸುದ್ದಿ ಜನರಿಂದ ಕಚೇರಿಯ ಕಡೆಗೂ ಹರಿಯಬೇಕು. ಹಾಗೆ ಹರಿಯದೆ ಪೈಪಿನ ಬಿರುಕುಗಳು ಮುಚ್ಚದೇ ಉಳಿದರೆ ಏನಾಗುತ್ತದೆ ಎಂಬುದು ನೀರಿನ ಗುಣದಲ್ಲೇ ಕಾಣುತ್ತದೆ. ವಿಶ್ವಬ್ಯಾಂಕ್ ನೆರವಿನ ಯೋಜನೆಯೊಂದರಲ್ಲಿ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಬರತೊಡಗಿತು. ಆ ಊರುಗಳ ಜನರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಇದರ ಅನುಕೂಲ ಸಿಕ್ಕಿತು. ಹುಬ್ಬಳ್ಳಿ–ಧಾರವಾಡದಲ್ಲಿ ಈ ವಾರ್ಡುಗಳ ನೀರನ್ನೂ ಸರದಿಯ ನೀರಿನ ವಾರ್ಡುಗಳ ನೀರನ್ನೂ ಹೋಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಮಲದ ಸೋಂಕನ್ನು ಸೂಚಿಸುವ ಇ-ಕೋಲಿ ಬ್ಯಾಕ್ಟೀರಿಯಾ, ನಿರಂತರ ನೀರಿನ ನಳಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ಮಾದರಿಗಳಲ್ಲಿ ಸಿಕ್ಕಿತು. ಸರದಿಯ ನಳಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಮಾದರಿಯಲ್ಲಿ ಸಿಕ್ಕಿತು. ಪೈಪು ತುಂಬಿ ಒತ್ತಡವಿದ್ದಾಗ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ. ಪೈಪು ಬರಿದಾದಾಗ ಅದೇ ಬಿರುಕಿನಿಂದ ಪಕ್ಕದ ಗಟಾರದ ಹೊಲಸು ಒಳಗೆ ಇಳಿಯುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲು ಕೊಡಕ್ಕೆ ಬೀಳುವುದು ಆ ಹೊಲಸು ಕಲೆತ ನೀರು. ಆ ಮೊದಲ ನೀರನ್ನು ಕುಡಿಯುವ ಕೊಡಕ್ಕೆ ಹಿಡಿಯಬೇಡಿ ಎಂಬ ಒಂದು ಮಾತನ್ನಾದರೂ ನಗರಪಾಲಿಕೆಗಳು ಮನೆಮನೆಗೆ ಮುಟ್ಟಿಸಬೇಕಿತ್ತು.

ಆ ಬಿರುಕು ಎಲ್ಲಿದೆ ಎಂದು ಮೊದಲು ಕಾಣುವವರು ಓಣಿಯವರೇ. ಮಳೆಯಿಲ್ಲದೆ ರಸ್ತೆ ಒದ್ದೆಯಾಗಿದ್ದು, ನೀರು ನಾತ ಬಂದದ್ದು ಅವರ ಕಣ್ಣಿಗೆ, ಮೂಗಿಗೆ ಗೊತ್ತಾದಷ್ಟು ಬೇಗ ಯಾವ ಎಂಜಿನಿಯರಿಗೂ ಗೊತ್ತಾಗದು. ದೂರು ಕೊಟ್ಟವರಿಗೆ ‘ನಿಮ್ಮ ದೂರು ಬಂದಿದೆ, ಇಂಥ ದಿನ ಅಗೆಯುತ್ತೇವೆ’ ಎಂಬ ಉತ್ತರ ಸಿಕ್ಕರೆ ಅವರು ಮತ್ತೊಮ್ಮೆಯೂ ಹೇಳುತ್ತಾರೆ. ಎರಡು ಸಲ ಉತ್ತರವಿಲ್ಲದಿದ್ದರೆ ಮೂರನೆಯ ಸಲ ಸುಮ್ಮನಿದ್ದುಬಿಡುತ್ತಾರೆ. ನನ್ನ ಮಟ್ಟಿಗೆ ಪೈಪಿನ ದುರಸ್ತಿಯಷ್ಟೇ ಈ ಉತ್ತರ ಕೊಡುವುದೂ ನಿರ್ವಹಣೆಯ ಕೆಲಸ. ಅದಕ್ಕೂ ಆಳು ಬೇಕು, ಹಣ ಬೇಕು.

ಕಾನೂನಿನ ಬಲ ನಮಗಿದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕು ಎನ್ನುತ್ತದೆ. ಕಚೇರಿಗಳು ತಮ್ಮ ಕೆಲಸದ ವಿವರವನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕು ಎನ್ನುತ್ತದೆ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು. ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆಯಲ್ಲಿ 2021ರಲ್ಲಿ 82 ವಾರ್ಡುಗಳಿದ್ದವು. ಪ್ರತಿ ವಾರ್ಡಿನಲ್ಲೂ ಹಾಲಿನ ಅಂಗಡಿಯಿದೆ, ಕಿರಾಣಿ ಅಂಗಡಿಯಿದೆ, ಅಂಗನವಾಡಿಯಿದೆ. ಹೆಣ್ಣುಮಕ್ಕಳು ದಿನವೂ ಓಡಾಡುವ ಆ ಜಾಗಗಳಲ್ಲಿ ಒಂದೊಂದು ಕರಿಹಲಗೆ ತೂಗುಹಾಕಿ, ನೀರು ಬಿಡುವ ದಿನ ಮತ್ತು ಹೊತ್ತು ಸೀಮೆಸುಣ್ಣದಲ್ಲಿ ಬರೆಯಲು ದೊಡ್ಡ ಯೋಜನೆಯೇನೂ ಬೇಕಿಲ್ಲ.

ನಿಮ್ಮೂರಿನ ವಾರ್ಡ್ ಸಮಿತಿಯ ಸಭೆ ಯಾವ ದಿನ ಎಂದು ಪಾಲಿಕೆಯಲ್ಲಿ ವಿಚಾರಿಸಿ. ಹೋಗುವಾಗ ಓಣಿಯ ನಾಲ್ಕು ಮಂದಿಯನ್ನು ಕರೆದುಕೊಂಡು ಹೋಗಿ, ನಿಮ್ಮ ಭಾಗದ ವಾಲ್ವ್‌ಮನ್‌ರನ್ನೂ ಸಭೆಗೆ ಕರೆಸಿ ಎಂದು ಕೇಳಿ. ಅವರನ್ನು ಬೈಯಲು ಹೋಗಬೇಡಿ. ಯಾವ ವಾಲ್ವಿನಿಂದ ಯಾವ ಓಣಿಗೆ ನೀರು, ಎಲ್ಲಿ ಸೋರಿಕೆ, ಸರದಿ ತಪ್ಪುವುದು ಯಾತಕ್ಕೆ ಎಂದು ಅವರ ಬಾಯಿಂದಲೇ ಕೇಳಿಸಿಕೊಂಡು, ಅದನ್ನೆಲ್ಲ ನಡಾವಳಿ ಪುಸ್ತಕದಲ್ಲಿ ಬರೆಸಿ ಬನ್ನಿ.