ಬಿರಡೆ ತೆರೆದ ಸೀಸೆ

ಸ್ಪಿರಿಟ್ ಸೀಸೆಗೆ ಬಿರಡೆ ಹಾಕಲು ಮರೆತರೆ ಕೆಲವು ದಿನಗಳಲ್ಲಿ ಅದು ಬರಿದಾಗುವುದನ್ನು ನೀವು ಕಂಡಿರಬಹುದು. ಅದನ್ನು ಯಾರೂ ಒಲೆಯ ಮೇಲಿಟ್ಟು ಕುದಿಸಲಿಲ್ಲ. ಹಾಗಾದರೆ ಸ್ಪಿರಿಟ್ ಎಲ್ಲಿ ಹೋಯಿತು?

ಯಾವ ದ್ರವವೇ ಆಗಲಿ, ಅದರ ಅಣುಗಳು ಸದಾ ಚಲಿಸುತ್ತಲೇ ಇರುತ್ತವೆ. ಮೇಲ್ಭಾಗದಲ್ಲಿರುವ ಹೆಚ್ಚು ವೇಗದ ಅಣುಗಳು ನೆರೆಯವುಗಳ ಸೆಳೆತದಿಂದ ಬಿಡಿಸಿಕೊಂಡು ಹೊರಗೆ ಹಾರುತ್ತವೆ. ಬಿರಡೆ ಹಾಕಿದ್ದರೆ ಅವು ಸೀಸೆಯೊಳಗೇ ಸುತ್ತಾಡುತ್ತವೆ. ಕೆಲವು ಮರಳಿ ದ್ರವವನ್ನು ಸೇರುತ್ತವೆ. ಹಾರುವ ಅಣುಗಳೂ ಮರಳುವ ಅಣುಗಳೂ ಸಮನಾದಾಗ ಅಲ್ಲಿನ ಆವಿ ಎಷ್ಟು ಒತ್ತುತ್ತದೆಯೋ ಅದೇ ಆ ದ್ರವದ ‘ಆವಿಯ ಒತ್ತಡ’. 25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಇದು ನೀರಿಗೆ ಸುಮಾರು 24 ಮಿಲಿಮೀಟರ್ ಪಾದರಸದಷ್ಟು, ಮದ್ಯಸಾರಕ್ಕೆ 59, ಉಗುರುಬಣ್ಣ ತೆಗೆಯುವ ಅಸಿಟೋನಿಗೆ 230. ಈ ಒತ್ತಡ ಹೆಚ್ಚಿದಷ್ಟೂ ದ್ರವ ಬೇಗ ಆರುತ್ತದೆ.

ಬಿರಡೆ ತೆಗೆದಿರೋ, ಲೆಕ್ಕ ತಪ್ಪಿತು. ಹಾರಿದ ಅಣುಗಳನ್ನು ಗಾಳಿ ಹೊತ್ತುಕೊಂಡು ಹೋಗುತ್ತದೆ, ಮರಳುವವು ಕೆಲವೇ. ವೆಚ್ಚವೇ ಹೆಚ್ಚಾದ ಸಂಸಾರದಂತೆ ಸೀಸೆ ಬರಿದಾಗುತ್ತದೆ. ಅಗಲವಾದ ತಟ್ಟೆ, ಬಿಸಿಲು, ಬೀಸುವ ಗಾಳಿ ಇವೆಲ್ಲ ಆ ವೆಚ್ಚವನ್ನು ಇನ್ನೂ ಹೆಚ್ಚಿಸುತ್ತವೆ. ವೇಗದ ಅಣುಗಳು ಹೊರಟುಹೋಗುವುದರಿಂದ ಉಳಿದ ದ್ರವ ತಣ್ಣಗಾಗುತ್ತದೆ. ಸೂಜಿಮದ್ದಿಗೆ ಮುನ್ನ ತೋಳಿಗೆ ಸ್ಪಿರಿಟ್ ಒರೆಸಿದಾಗ ಚಳಿಯೆನಿಸುವುದು ಇದರಿಂದಲೇ.

ಇಷ್ಟೇ ಆಗಿದ್ದರೆ ನಷ್ಟ ಕೆಲವು ರೂಪಾಯಿಗಳದು. ಆದರೆ ಬೆಂಕಿ ಹಿಡಿಯುವುದು ದ್ರವಕ್ಕಲ್ಲ, ಗಾಳಿಯೊಡನೆ ಬೆರೆತ ಅದರ ಆವಿಗೆ. ಹೊತ್ತಿಕೊಳ್ಳುವಷ್ಟು ಆವಿ ಕೊಡಲು ಸೀಮೆಎಣ್ಣೆ ಸಾಮಾನ್ಯವಾಗಿ 35 ಡಿಗ್ರಿಗಿಂತ ಹೆಚ್ಚು ಕಾಯಬೇಕು. ಪೆಟ್ರೋಲಾದರೋ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಕೊರೆಯುವ ಚಳಿಯಲ್ಲಿಯೂ ಅಷ್ಟು ಆವಿಯನ್ನು ಕೊಡುತ್ತದೆ. ಗಾಳಿಯ ನೂರು ಪಾಲಿನಲ್ಲಿ ಒಂದೂವರೆ ಪಾಲಿನಷ್ಟು ಪೆಟ್ರೋಲ್ ಆವಿ ಬೆರೆತರೂ ಸಾಕು, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಕಣ್ಣಿಗೆ ಕಾಣದಂತೆ ನೆಲದ ಮೇಲೆಯೇ ಹರಿದು, ಪಕ್ಕದ ಕೋಣೆಯ ಒಲೆಯನ್ನೋ ದೇವರ ದೀಪವನ್ನೋ ಮುಟ್ಟಬಲ್ಲದು. ಉರಿ ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ.

ಆದುದರಿಂದ ಬಟ್ಟೆಯ ಜಿಡ್ಡು ತೆಗೆಯಲೆಂದು ಮನೆಯೊಳಗೆ ಪೆಟ್ರೋಲ್ ತರಬೇಡಿ. ಕೈಗೆ ಸ್ಯಾನಿಟೈಜರ್ ಹಚ್ಚಿಕೊಂಡರೆ ಅದು ಪೂರ್ತಿ ಆರುವ ತನಕ ಬೆಂಕಿಕಡ್ಡಿ ಗೀರಬೇಡಿ. ಇಂಥ ದ್ರವವೇನಾದರೂ ಚೆಲ್ಲಿದರೆ ಒಲೆ, ದೀಪಗಳನ್ನು ಆರಿಸಿ, ಬಾಗಿಲು ಕಿಟಕಿಗಳನ್ನು ತೆರೆಯಿರಿ. ವಿದ್ಯುತ್ ಸ್ವಿಚ್ಚನ್ನು ಮಾತ್ರ ಮುಟ್ಟಬೇಡಿ, ಅದರ ಪುಟ್ಟ ಕಿಡಿಯೂ ಸಾಕು. ಎಲ್ಲಕ್ಕಿಂತ ಮೊದಲು, ಸೀಸೆಗೆ ಬಿರಡೆಯನ್ನು ಬಿಗಿಯಾಗಿ ಹಾಕಿಡಿ.