ಆಕಾಶಚಿತ್ರದ ಮೂಲೆಯ ಅಂಡಾಕೃತಿ

ನಾವು ನಿವೃತ್ತರಾಗುವುದಕ್ಕೆ ಕೆಲವು ವರ್ಷ ಮೊದಲು, ವೃಷಭರಾಶಿಯ ಎಚ್.ಎಲ್. ಟೌರಿ ಎಂಬ ಎಳೆಯ ನಕ್ಷತ್ರದ ಚಿತ್ರವೊಂದನ್ನು ತರಗತಿಗೆ ಕೊಂಡೊಯ್ದಿದ್ದೆವು. ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿರುವ ಆಲ್ಮಾ ಎಂಬ ರೇಡಿಯೋ ದೂರದರ್ಶಕಗಳ ಸಮೂಹವು 2014ರಲ್ಲಿ ತೆಗೆದ ಚಿತ್ರವದು. ನಡುವೆ ಉಜ್ವಲವಾದ ಬಿಂದು, ಸುತ್ತಲೂ ಧೂಳಿನ ಬಳೆಗಳು. ಮೂಲೆಯಲ್ಲಿ ಪುಟ್ಟದೊಂದು ಅಂಡಾಕೃತಿ. “ಮೇಷ್ಟ್ರೇ, ಅದೇನು?” ಎಂದು ಹುಡುಗನೊಬ್ಬನು ಕೇಳಲು, “ಹೊಸದಾಗಿ ಹುಟ್ಟುತ್ತಿರುವ ಗ್ರಹವಪ್ಪಾ” ಎಂದುಬಿಟ್ಟೆವು. ತರಗತಿಯೆಲ್ಲವೂ ಹಾಗೆಯೇ ಬರೆದುಕೊಂಡಿತು.

ಅದು ಗ್ರಹವಲ್ಲ, ಆಕಾಶದ ವಸ್ತುವೇ ಅಲ್ಲ. ತಮ್ಮ ಯಂತ್ರದ ದೃಷ್ಟಿ ಎಷ್ಟು ಸೂಕ್ಷ್ಮವೆಂಬುದನ್ನು ತಿಳಿಸಲು ಖಗೋಳಜ್ಞರು ಚಿತ್ರದ ಮೇಲೆ ಬರೆಯುವ ಗುರುತು. ಅವರು ಬೀಮ್ ಎನ್ನುವರು, ನಾವು ದೃಷ್ಟಿಪುಂಜವೆನ್ನೋಣ.

ಬಿದಿರಿನ ಲೇಖನಿಯ ಮೊನೆಯನ್ನು ಓರೆಯಾಗಿ ಕೊಯ್ದು ಚುಕ್ಕೆಯಿಟ್ಟು ನೋಡಿರಿ. ಎಷ್ಟೇ ಜಾಗರೂಕತೆಯಿಂದ ಇಟ್ಟರೂ ಅದು ಮೊನೆಯಷ್ಟೇ ಅಗಲವಾಗಿ, ಮೊನೆಯ ಓರೆಯಲ್ಲಿಯೇ ಬೀಳುವುದು. ತೀರ ಹತ್ತಿರದ ಎರಡು ಚುಕ್ಕೆಗಳು ಒಂದಾಗಿಬಿಡುವುವು. ದೂರದರ್ಶಕವೂ ಹಾಗೆಯೇ. ಬಿಂದುಮಾತ್ರವಾದ ನಕ್ಷತ್ರವು ಅದರ ಚಿತ್ರದಲ್ಲಿ ದೃಷ್ಟಿಪುಂಜದ ಗಾತ್ರವನ್ನೂ ಆಕಾರವನ್ನೂ ತಾಳುವುದು. ಆದುದರಿಂದ ಚಿತ್ರದ ಮಚ್ಚೆಯೊಂದು ಮೂಲೆಯ ಗುರುತಿನಷ್ಟೇ ಇದ್ದು, ಅದರಂತೆಯೇ ವಾಲಿದ್ದರೆ, ಆ ವಸ್ತುವೇ ಉದ್ದವಾಗಿದೆಯೆಂದು ಹೇಳುವ ಹಾಗಿಲ್ಲ.

ನಮ್ಮ ಚಿತ್ರದ ಅಂಡಾಕೃತಿಯು ವಿಕಲೆಯ ಸಾವಿರದಲ್ಲಿ 35 ಪಾಲು ಉದ್ದ, 22 ಪಾಲು ಅಗಲ. ನಕ್ಷತ್ರವು ಸುಮಾರು 450 ಜ್ಯೋತಿರ್ವರ್ಷ ದೂರದಲ್ಲಿರುವುದರಿಂದ, ಆ ಉದ್ದವು ಅಲ್ಲಿ ಸೂರ್ಯನಿಂದ ಗುರುಗ್ರಹಕ್ಕಿರುವ ದೂರಕ್ಕೆ ಹೆಚ್ಚುಕಡಮೆ ಸಮ. ಅಷ್ಟು ದೊಡ್ಡ ಗ್ರಹವನ್ನು ನಾವು ಒಂದೇ ಮಾತಿನಲ್ಲಿ ಸೃಷ್ಟಿಸಿದ್ದೆವು! ಕಪ್ಪು ಬಳೆಗಳ ನಡುವಣ ಅಂತರವಾದರೋ ಇದಕ್ಕಿಂತ ಹೆಚ್ಚು. ಆದಕಾರಣವೇ ಬಳೆಗಳನ್ನು ನಂಬಬಹುದು.

ಗುರುತು ದುಂಡಗಿರದೆ ಅಂಡಾಕಾರವಾಗುವುದೇಕೆ? ದೂರದರ್ಶಕವು ಯಾವ ದಿಕ್ಕಿನಲ್ಲಿ ಹೆಚ್ಚು ಚಾಚಿಕೊಂಡಿದೆಯೋ ಆ ದಿಕ್ಕಿನಲ್ಲಿ ಪುಂಜವು ಕಿರಿದಾಗುವುದು. ಇದಕ್ಕೆ ದೃಷ್ಟಾಂತವು ನಮ್ಮ ಗೌರಿಬಿದನೂರಿನಲ್ಲಿಯೇ ಉಂಟು. ಅಲ್ಲಿಯ ರೇಡಿಯೋ ದೂರದರ್ಶಕವು ಪೂರ್ವಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರು ಚಾಚಿತ್ತು. ದಕ್ಷಿಣದ ತೋಳು ಅರ್ಧ ಕಿಲೋಮೀಟರಿಗೂ ಕಡಮೆ. 8.7 ಮೀಟರು ಉದ್ದದ ತರಂಗಗಳಿಂದ ರಚಿಸಿ 1990ರಲ್ಲಿ ಪ್ರಕಟಿಸಿದ ಆಕಾಶನಕ್ಷೆಯಲ್ಲಿ, ನೆತ್ತಿಯ ಸಮೀಪದ ಪುಂಜವು ಪೂರ್ವಪಶ್ಚಿಮವಾಗಿ 26 ಕಲೆ, ದಕ್ಷಿಣೋತ್ತರವಾಗಿ 42 ಕಲೆ. ಪೂರ್ಣಚಂದ್ರನ ವ್ಯಾಸವೇ ಸುಮಾರು 31 ಕಲೆಯೆಂಬುದನ್ನು ನೆನೆದರೆ ಆ ಲೇಖನಿಯ ಮೊನೆ ಎಷ್ಟು ದಪ್ಪವೆಂಬುದು ತಿಳಿಯುವುದು. ನೆತ್ತಿಯಿಂದ ಉತ್ತರಕ್ಕಾಗಲಿ ದಕ್ಷಿಣಕ್ಕಾಗಲಿ ಸರಿದಂತೆ ಅದು ಇನ್ನೂ ಉದ್ದವಾಗುವುದು. ಅಂತಹ ನಕ್ಷೆಗೆ ಮೂಲೆಯ ಒಂದೇ ಗುರುತು ಸಾಲದು.

ಪತ್ರಿಕೆಗಳವರು ಅಂದಕ್ಕಾಗಿ ಈ ಗುರುತನ್ನು ಕತ್ತರಿಸಿ ಚಿತ್ರವನ್ನು ಅಚ್ಚುಹಾಕುವುದುಂಟು. ಅಳತೆಗೋಲಿಲ್ಲದ ಭೂಪಟದಂತೆ ಅದು, ನಮಗೆ ಸೇರದು.

ಪ್ರಶ್ನೆ ಕೇಳಿದ ಹುಡುಗನೇ ಮೊನ್ನೆ ಮನೆಗೆ ಬಂದು, ಬಹು ಸಂಕೋಚದಿಂದ, “ಮೇಷ್ಟ್ರೇ, ಅದು ಗ್ರಹವಲ್ಲವಂತೆ” ಎಂದನು. ಉಳಿದವರ ಪುಸ್ತಕಗಳಲ್ಲಿ ಅದು ಇಂದಿಗೂ ಗ್ರಹವಾಗಿಯೇ ಇರಬಹುದು. ಈ ಪತ್ರಿಕೆಯು ಅವರಲ್ಲಿ ಕೆಲವರ ಮನೆಗೂ ಹೋಗುವುದೆಂದು ಆತನೇ ಹೇಳಿದ್ದರಿಂದ ಇದನ್ನು ಬರೆದೆವು.